ದುಬಾರಿ ಇನ್ಶೂರೆನ್ಸ್ ಕಟ್ಟಲಾಗದ ಮನೆಗೆ ಆಸ್ಪತ್ರೆ ಖರ್ಚಿನ ದಾರಿಗಳು: ಬೆಳಗಾವಿ, ಬಾಗಲಕೋಟೆ, ವಿಜಯಪುರದವರಿಗೆ ಒಂದು ಸಮಗ್ರ ಮಾರ್ಗದರ್ಶಿ

ನಮ್ಮ ಕಾಕಾನಿಗೆ ಎದೆನೋವು ಶುರುವಾಗಿದ್ದು ಕಬ್ಬು ಕಡಿಯುವ ಕಾಲದಲ್ಲಿ. ಬದುವಿನ ಮೇಲೆ ನಾಲ್ಕು ಹೆಜ್ಜೆ ನಡೆದರೆ ಎದೆ ಹಿಡಿದ ಹಾಗೆ ಆಗುತ್ತಿತ್ತು, ಕೂತರೆ ಕಡಿಮೆಯಾಗುತ್ತಿತ್ತು. ಪರಿಚಯದವರು ಹೇಳಿದರು ಅಂತ ಸೀದಾ ಒಂದು ಖಾಸಗಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಆಂಜಿಯೋಗ್ರಾಂ ಆಯಿತು. ಒಂದು ಕಡೆ ಬ್ಲಾಕ್ ಇದೆ, ಸ್ಟೆಂಟ್ ಹಾಕಬೇಕು, ಆದರೆ ಇವತ್ತೇ ಹಾಕುವಷ್ಟು ಅವಸರ ಇಲ್ಲ ಅಂದರು.

ಮನೆಯಲ್ಲಿ ಬಿಪಿಎಲ್ ಕಾರ್ಡ್ ಇತ್ತು. ಕೌಂಟರಿನ ಹುಡುಗ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ರೆಫರಲ್ ಚೀಟಿ ತಂದೀರೇನ್ರಿ?" ಅಂತ ಕೇಳಿದ. ನಮಗೆ ಆ ಶಬ್ದವೇ ಹೊಸದು. ಇನ್ನೊಂದು ತೊಡಕು ಅದಕ್ಕಿಂತ ಸಣ್ಣದು. ರೇಷನ್ ಕಾರ್ಡಿನಲ್ಲಿ ಕಾಕಾನ ಹೆಸರು ಮಾತ್ರ ಇತ್ತು. ಆಧಾರ್‌ನಲ್ಲಿ ಹೆಸರು, ತಂದೆಯ ಹೆಸರು, ಅಡ್ಡಹೆಸರು ಮೂರೂ ಇದ್ದವು. ಕಂಪ್ಯೂಟರಿನ ಲೆಕ್ಕದಲ್ಲಿ ಅವರು ಇಬ್ಬರು ಬೇರೆ ಬೇರೆ ಮನುಷ್ಯರು. ಅಲ್ಲೇ ಮೆಟ್ಟಿಲ ಮೇಲೆ ಕೂತಿದ್ದ ಚಿಗವ್ವ ಏನೂ ಮಾತಾಡದೆ ಕೊರಳಿನ ಬೋರಮಾಳ ಬಿಚ್ಚಿ ನನ್ನ ಕೈಗೆ ಹಾಕಿದರು. ಅದನ್ನು ಅಡವಿಟ್ಟು ಸ್ಟೆಂಟ್ ಹಾಕಿಸಿದೆವು. ಬಿಡಿಸಿಕೊಳ್ಳಲು ಎರಡು ವರ್ಷ ಬೇಕಾಯಿತು.

ಆಮೇಲೆ ಗೊತ್ತಾಯಿತು, ಮೊದಲು ಜಿಲ್ಲಾ ಆಸ್ಪತ್ರೆಗೆ ಹೋಗಿ ಚೀಟಿ ತಂದಿದ್ದರೆ, ಹೆಸರು ಸರಿ ಇದ್ದಿದ್ದರೆ, ಅದೇ ಸ್ಟೆಂಟ್ ಸರ್ಕಾರದ ಆರೋಗ್ಯ ಯೋಜನೆಯಲ್ಲೇ ಆಗುತ್ತಿತ್ತು. ಅವತ್ತಿನಿಂದ ನಾನು ಊರಲ್ಲಿ ಕೇಳಿದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದೇನೆ: ಬೇನೆ ಬರುವ ಮುಂಚೆ ಕಾಗದ ಸಿದ್ಧ ಮಾಡಿಟ್ಟುಕೊಳ್ಳಿ. ಕಂಪನಿ ಇನ್ಶೂರೆನ್ಸಿಗೆ ವರ್ಷಾ ವರ್ಷಾ ಸಾವಿರಗಟ್ಟಲೆ ಕಟ್ಟಲು ಎಲ್ಲರಿಗೂ ಆಗುವುದಿಲ್ಲ. ಮನೆಯಲ್ಲಿ ವಯಸ್ಸಾದವರು, ಸಕ್ಕರೆ ಕಾಯಿಲೆಯವರು ಇದ್ದರೆ ಪ್ರೀಮಿಯಂ ಇನ್ನೂ ಜಾಸ್ತಿ. ಆದರೆ ನಮ್ಮ ಮೂರು ಜಿಲ್ಲೆಗಳ ಹೆಚ್ಚಿನ ಮನೆಗಳಿಗೆ ಬೇರೆ ಒಂದಲ್ಲ ಒಂದು ದಾರಿ ಇದ್ದೇ ಇದೆ. ಅದನ್ನು ಹಿಡಿಯುವುದು ಹೇಗೆ ಅಂತ ಒಂದೊಂದೇ ನೋಡೋಣ.

ಹೆಜ್ಜೆ 1: ಹೆಸರು ಸರಿ ಮಾಡಿಸಿ

ಇವತ್ತೇ ಮನೆಯ ಎಲ್ಲರ ಆಧಾರ್ ಕಾರ್ಡ್ ಮತ್ತು ರೇಷನ್ ಕಾರ್ಡ್ ಚಾಪೆಯ ಮೇಲೆ ಹರವಿಕೊಂಡು ಕೂಡ್ರಿ. ಒಬ್ಬೊಬ್ಬರ ಹೆಸರನ್ನೂ ಅಕ್ಷರ ಬಿಡದೆ ತಾಳೆ ನೋಡಿ. ನಮ್ಮ ಕಡೆ ಅಡ್ಡಹೆಸರಿನದೇ ದೊಡ್ಡ ಗೋಳು. ಒಂದರಲ್ಲಿ ಇರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ. ಮದುವೆಯಾಗಿ ಬಂದ ಸೊಸೆಯ ಆಧಾರ್‌ನಲ್ಲಿ ಇನ್ನೂ ತವರಿನ ಹೆಸರೇ ಇರುತ್ತದೆ. ಹುಟ್ಟಿದ ತಾರೀಕಿನಲ್ಲೂ ಹೀಗೇ ವ್ಯತ್ಯಾಸ ಇರುತ್ತದೆ.

ಇಲ್ಲೊಂದು ವಿಷಯ ಗಮನಿಸಿ. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವನದಲ್ಲಿ ಎರಡೇ ಸಲ ಅವಕಾಶ. ಅದಕ್ಕೆ ಆಧಾರ್ ಸರಿ ಇದ್ದರೆ ಅದನ್ನು ಮುಟ್ಟಬೇಡಿ. ರೇಷನ್ ಕಾರ್ಡನ್ನೇ ಆಧಾರ್‌ಗೆ ಹೊಂದಿಸಿ. ಗ್ರಾಮ ಒನ್ ಅಥವಾ ಕರ್ನಾಟಕ ಒನ್ ಕೇಂದ್ರದಲ್ಲಿ, ಇಲ್ಲವೇ ತಾಲೂಕಿನ ಆಹಾರ ಇಲಾಖೆ ಕಚೇರಿಯಲ್ಲಿ ವಿಚಾರಿಸಿ. ರೇಷನ್ ಅಂಗಡಿಯಲ್ಲಿ ಎಲ್ಲರ ಇ-ಕೆವೈಸಿ (ಆಧಾರ್ ಮೂಲಕ ಗುರುತು ಖಚಿತಪಡಿಸುವುದು) ಆಗಿದೆಯಾ ಅಂತಲೂ ಕೇಳಿ. ಹೊಸ ಸೊಸೆ, ಹೊಸ ಕೂಸು ರೇಷನ್ ಕಾರ್ಡಿಗೆ ಸೇರಿರಬೇಕು. ಆಸ್ಪತ್ರೆಯವರು ಕುಟುಂಬ ಅಂತ ಲೆಕ್ಕ ಹಿಡಿಯುವುದು ಆ ಕಾರ್ಡಿನಲ್ಲಿ ಇರುವವರನ್ನು. ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರ್ ಚಾಲ್ತಿಯಲ್ಲಿ ಇರಬೇಕು, ಒಟಿಪಿ ಬರುವುದು ಅದಕ್ಕೇ. ಎಷ್ಟೋ ಮನೆಗಳಲ್ಲಿ ಆ ಸಿಮ್ ಪುಣೆಗೋ ಗೋವಾಕ್ಕೋ ದುಡಿಯಲು ಹೋದ ಮಗನ ಹತ್ತಿರ ಇರುತ್ತದೆ.

ನಿಮ್ಮ ರೇಷನ್ ಕಾರ್ಡ್ ಈಗಲೂ ಬಿಪಿಎಲ್ ಆಗಿಯೇ ಇದೆಯಾ ಅಂತಲೂ ಆಹಾರ ಇಲಾಖೆಯ ವೆಬ್‌ಸೈಟಿನಲ್ಲಿ ನೋಡಿಕೊಳ್ಳಿ. ಪರಿಷ್ಕರಣೆಯಲ್ಲಿ ಎಪಿಎಲ್ ಆಗಿಬಿಟ್ಟಿದ್ದರೆ ಅದು ಆಸ್ಪತ್ರೆ ಕೌಂಟರಿನಲ್ಲಿ ಗೊತ್ತಾಗುವುದಕ್ಕಿಂತ ಈಗಲೇ ಗೊತ್ತಾಗುವುದು ಒಳ್ಳೆಯದು, ಅಲ್ವಾ?

ಹೆಜ್ಜೆ 2: ಆರೋಗ್ಯ ಕರ್ನಾಟಕ ಕಾರ್ಡ್

ರಾಜ್ಯದ ಆರೋಗ್ಯ ಕರ್ನಾಟಕ ಯೋಜನೆ 2018ರ ಮಾರ್ಚ್‌ನಲ್ಲಿ ಶುರುವಾಯಿತು. ಅದೇ ವರ್ಷ ಕೇಂದ್ರದ ಆಯುಷ್ಮಾನ್ ಭಾರತ್ ಜೊತೆ ಸೇರಿತು. ನಡೆಸುವುದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ಪ್ರೀಮಿಯಂ ಅಂತ ಒಂದು ರೂಪಾಯಿಯೂ ಇಲ್ಲ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಇದು ಇಡೀ ಕುಟುಂಬಕ್ಕೆ ಸೇರಿದ ಮೊತ್ತ, ತಲೆಗೆ ಇಷ್ಟು ಅಂತ ಅಲ್ಲ.

ಎಪಿಎಲ್ ಮನೆಯವರು ತಮಗೆ ಏನೂ ಇಲ್ಲ ಅಂದುಕೊಂಡಿರುತ್ತಾರೆ. ಅವರಿಗೂ ಪ್ಯಾಕೇಜ್ ದರದ, ಅಂದರೆ ಆ ಚಿಕಿತ್ಸೆಗೆ ಯೋಜನೆಯಲ್ಲಿ ಗೊತ್ತು ಮಾಡಿದ ದರದ, ಶೇಕಡ 30ರಷ್ಟನ್ನು ಸರ್ಕಾರ ಕೊಡುತ್ತದೆ, ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ. ಒಂದು ಆಪರೇಷನ್ನಿಗೆ ಸರ್ಕಾರಿ ಪ್ಯಾಕೇಜ್ 1 ಲಕ್ಷ ಇದ್ದರೆ 30 ಸಾವಿರ ಯೋಜನೆಯದು, ಉಳಿದ 70 ಸಾವಿರ ನಿಮ್ಮದು. ಪ್ಯಾಕೇಜ್ ದರ ಆಸ್ಪತ್ರೆಯ ಮಾಮೂಲಿ ದರಕ್ಕಿಂತ ಸಾಮಾನ್ಯವಾಗಿ ಕಡಿಮೆ ಇರುತ್ತದೆ. ಹಾಗಾಗಿ ಈ ಶೇಕಡ 30ನ್ನು ಸುಮ್ನೆ ಬಿಡಬೇಡಿ.

ಕಾರ್ಡನ್ನು ಗ್ರಾಮ ಒನ್‌ನಲ್ಲಿ ಅಥವಾ ಸರ್ಕಾರಿ ಆಸ್ಪತ್ರೆಯಲ್ಲಿ ಮಾಡಿಸಿಕೊಳ್ಳಿ. ಆಧಾರ್, ರೇಷನ್ ಕಾರ್ಡ್ ಸಾಕು. ಇಲ್ಲಿ ಒಂದು ಗೊಂದಲ ಬಹಳ ಜನರಿಗಿದೆ. ಮೊಬೈಲಿನಲ್ಲಿ ಮಾಡಿಕೊಳ್ಳುವ 14 ಅಂಕಿಯ ಆಭಾ ನಂಬರ್ ನಿಮ್ಮ ಆರೋಗ್ಯ ದಾಖಲೆಗಳನ್ನು ಜೋಡಿಸುವ ಗುರುತು ಮಾತ್ರ. ಅದೊಂದೇ ಇದ್ದರೆ ಚಿಕಿತ್ಸೆಯ ಖರ್ಚು ಯಾರೂ ಕೊಡುವುದಿಲ್ಲ. ನಿಮ್ಮ ಕಾರ್ಡ್ ಮೇಲೆ ಆರೋಗ್ಯ ಕರ್ನಾಟಕ ಅಂತ ಇದೆಯಾ ನೋಡಿಕೊಳ್ಳಿ.

ಕೇಂದ್ರ ಸರ್ಕಾರ 2024ರ ಅಕ್ಟೋಬರ್ 29ರಂದು 70 ವರ್ಷ ತುಂಬಿದವರಿಗೆ, ಆದಾಯ ಎಷ್ಟೇ ಇರಲಿ, ಆಯುಷ್ಮಾನ್ ವಯ ವಂದನಾ ಕಾರ್ಡ್ ಶುರು ಮಾಡಿದೆ. ಮನೆಯಲ್ಲಿ ಆ ವಯಸ್ಸಿನ ಅಜ್ಜ, ಅಮ್ಮ ಇದ್ದರೆ ಜಿಲ್ಲಾ ಆಸ್ಪತ್ರೆಯ ಆರೋಗ್ಯ ಮಿತ್ರರನ್ನು (ಯೋಜನೆಯ ಬಗ್ಗೆ ರೋಗಿಗಳಿಗೆ ದಾರಿ ತೋರಿಸುವ ಸಿಬ್ಬಂದಿ) ಕೇಳಿ, ಅವರು ಖಚಿತವಾಗಿ ಹೇಳಿದ ಮೇಲೆಯೇ ಅದನ್ನು ಲೆಕ್ಕಕ್ಕೆ ಹಿಡಿಯಿರಿ.

ಹೆಜ್ಜೆ 3: ರೆಫರಲ್ ಚೀಟಿ, ನಮ್ಮ ಕೊರಳ ಸರ ಹೋದದ್ದು ಇಲ್ಲೇ

ಈ ಯೋಜನೆಯ ಮೂಲ ನಿಯಮ ಹೀಗಿದೆ. ಸರಳ ಚಿಕಿತ್ಸೆಗಳನ್ನು ಸರ್ಕಾರಿ ಆಸ್ಪತ್ರೆಯಲ್ಲೇ ಮಾಡುತ್ತಾರೆ. ದೊಡ್ಡ ಚಿಕಿತ್ಸೆ ಬೇಕಾಗಿ, ಅಲ್ಲಿ ಸೌಲಭ್ಯ ಇಲ್ಲದಿದ್ದರೆ, ಅಲ್ಲಿನ ವೈದ್ಯರು ರೆಫರಲ್ ಕೊಡುತ್ತಾರೆ. ಆ ಚೀಟಿ ಹಿಡಿದು ಯೋಜನೆಗೆ ಒಳಪಟ್ಟ ಖಾಸಗಿ ಆಸ್ಪತ್ರೆಗೆ ಹೋಗಬಹುದು. ಪಟ್ಟಿಯಲ್ಲಿರುವ ತುರ್ತು ಚಿಕಿತ್ಸೆಗಳಿಗೆ ಮಾತ್ರ ಚೀಟಿ ಬೇಡ.

ಹೀಗೆ ಮಾಡಿ. ಮೊದಲು ತಾಲೂಕು ಆಸ್ಪತ್ರೆ ಅಥವಾ ಜಿಲ್ಲಾ ಆಸ್ಪತ್ರೆಯ ಹೊರರೋಗಿ ವಿಭಾಗಕ್ಕೆ ಬೆಳಿಗ್ಗೆಯೇ ಹೋಗಿ. ಬೆಳಗಾವಿಯವರಿಗೆ ಬಿಮ್ಸ್ ಇದೆ, ಅದೇ ಜಿಲ್ಲಾ ಆಸ್ಪತ್ರೆ. ಬಾಗಲಕೋಟೆಯವರಿಗೆ ನವನಗರದಲ್ಲಿ, ವಿಜಯಪುರದವರಿಗೆ ವಿಜಯಪುರದಲ್ಲೇ ಜಿಲ್ಲಾ ಆಸ್ಪತ್ರೆ ಇದೆ. ಬೇರೆ ಕಡೆ ಮಾಡಿಸಿದ ರಿಪೋರ್ಟ್, ಸ್ಕ್ಯಾನ್ ಏನಿದ್ದರೂ ಒಯ್ಯಿರಿ. ವೈದ್ಯರು ನೋಡಿ ಇಲ್ಲಿ ಆಗುವುದಿಲ್ಲ ಅಂದರೆ ಆಗಲೇ ರೆಫರಲ್ ಕೇಳಿ. ಆಸ್ಪತ್ರೆ ಬಿಡುವ ಮುಂಚೆ ಚೀಟಿಯಲ್ಲಿ ಹೆಸರು ಮತ್ತು ಕಾಯಿಲೆ ಸರಿಯಾಗಿ ಬಂದಿದೆಯಾ ಓದಿ ನೋಡಿ. ಅಲ್ಲೇ ಆಗುತ್ತದೆ ಅಂದರೆ ಅಲ್ಲೇ ಮಾಡಿಸಿ. ಸರ್ಕಾರಿ ಆಸ್ಪತ್ರೆ ಅಂದರೆ ಮೂಗು ಮುರಿಯುವವರು ಇದ್ದಾರೆ. ನಮ್ಮ ಮನೆಯಲ್ಲಿ ಎರಡು ಹೆರಿಗೆ ಸರ್ಕಾರಿ ಆಸ್ಪತ್ರೆಯಲ್ಲೇ ಆಗಿವೆ, ತಾಯಿ ಮಕ್ಕಳು ಗಟ್ಟಿಯಾಗಿದ್ದಾರೆ. ಸಿಸೇರಿಯನ್ ಆದರೂ ಅಲ್ಲಿ ಖರ್ಚಿಲ್ಲ.

ಖಾಸಗಿ ಆಸ್ಪತ್ರೆಗೆ ಹೋದ ಮೇಲೆ ಅಡ್ಮಿಷನ್ ಕೌಂಟರಿಗಿಂತ ಮೊದಲು ಆಯುಷ್ಮಾನ್ ಕೌಂಟರಿಗೆ ಹೋಗಿ. ಆರೋಗ್ಯ ಮಿತ್ರರಿಗೆ ಕಾರ್ಡ್, ಚೀಟಿ ತೋರಿಸಿ. ಆಸ್ಪತ್ರೆಯವರು ಟ್ರಸ್ಟ್‌ಗೆ ಅರ್ಜಿ ಹಾಕಿ ಒಪ್ಪಿಗೆ ಪಡೆಯುತ್ತಾರೆ. ಒಪ್ಪಿಗೆ ಬರುವ ಮುಂಚೆ ಅವಸರದಲ್ಲಿ ಕ್ಯಾಷ್ ರೋಗಿ ಅಂತ ದಾಖಲಾದರೆ ಆಮೇಲೆ ಬದಲಾಯಿಸುವುದು ಕಷ್ಟ. ಬಿಪಿಎಲ್ ರೋಗಿಗೆ ಪ್ಯಾಕೇಜಿನಲ್ಲಿರುವ ಚಿಕಿತ್ಸೆಗೆ ಮತ್ತೆ ದುಡ್ಡು ಕೇಳುವಂತಿಲ್ಲ. ಕೇಳಿದರೆ ರಸೀದಿ ಕೇಳಿ, 104 ಅಥವಾ 14555 ಸಹಾಯವಾಣಿಗೆ ಫೋನ್ ಮಾಡಿ ಹೇಳಿ.

ಗಡಿ ಭಾಗದವರು ಮೀರಜ್‌ಗೆ, ಇಂಡಿ ಕಡೆಯವರು ಸೋಲಾಪುರಕ್ಕೆ ಹೋಗುವುದು ಅಜ್ಜಂದಿರ ಕಾಲದಿಂದ ಇರುವ ರೂಢಿ. ಹೋಗಲೇಬೇಕಾದರೆ ಮೊದಲು ಆ ಆಸ್ಪತ್ರೆಯ ಆಯುಷ್ಮಾನ್ ಕೌಂಟರಿಗೆ ಫೋನ್ ಮಾಡಿ ನಿಮ್ಮ ಕಾರ್ಡ್ ನಂಬರ್ ಹೇಳಿ, ನಡೆಯುತ್ತದೆಯಾ ಅಂತ ಕೇಳಿ. ಗಾಡಿ ಬಾಡಿಗೆ ಮಾಡುವುದು ಆಮೇಲೆ.

ಹೆಜ್ಜೆ 4: ಯಶಸ್ವಿನಿ, ಸೊಸೈಟಿ ಸದಸ್ಯರ ಆಸರೆ

ನಮ್ಮ ಭಾಗದ ಎಪಿಎಲ್ ರೈತರಿಗೆ ನಾನು ಮೊದಲು ಹೇಳುವುದು ಇದನ್ನೇ. ಹೊಲ ಇದೆ ಅಂತ ಬಿಪಿಎಲ್ ಸಿಗುವುದಿಲ್ಲ, ಕೈಯಲ್ಲಿ ನಗದು ಇರುವುದಿಲ್ಲ. ಅಂಥ ಮನೆಗೆ ಯಶಸ್ವಿನಿಗಿಂತ ಅಗ್ಗದ್ದು ನಾನು ಬೇರೆ ಕಂಡಿಲ್ಲ.

ಈ ಯೋಜನೆ 2003ರಲ್ಲಿ ಚಾಲ್ತಿಗೆ ಬಂದಿತ್ತು, 2018ರಲ್ಲಿ ನಿಂತಿತು. 2022ರ ಕೊನೆಯಲ್ಲಿ ಮತ್ತೆ ನೋಂದಣಿ ಶುರುವಾಗಿ 2023ರ ಜನವರಿಯಿಂದ ಚಿಕಿತ್ಸೆ ಸಿಗತೊಡಗಿತು. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ಮಿತಿ. ಮತ್ತೆ ಶುರುವಾದಾಗ ಗೊತ್ತು ಮಾಡಿದ ವಂತಿಗೆ ಹೀಗಿದೆ: ಗ್ರಾಮೀಣ ಭಾಗದಲ್ಲಿ ನಾಲ್ಕು ಜನರವರೆಗಿನ ಕುಟುಂಬಕ್ಕೆ 500 ರೂಪಾಯಿ, ಮೇಲಿನ ಒಬ್ಬೊಬ್ಬರಿಗೆ 100. ನಗರ ಭಾಗದಲ್ಲಿ 1000, ಮೇಲಿನ ಒಬ್ಬೊಬ್ಬರಿಗೆ 200. ಹಳ್ಳಿಯಲ್ಲಿ ಏಳು ಜನರ ಮನೆ ಅಂದರೆ 500ಕ್ಕೆ 300 ಕೂಡಿಸಿ 800 ರೂಪಾಯಿ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರ ವಂತಿಗೆಯನ್ನು ಸರ್ಕಾರವೇ ತುಂಬುತ್ತದೆ.

ಸೇರಬೇಕಾದರೆ ಸಹಕಾರ ಸಂಘದ ಸದಸ್ಯತ್ವ ಬೇಕು. ನಮ್ಮ ಕಡೆ ಊರೂರಿಗೆ ಪಿಕೆಪಿಎಸ್ (ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ) ಇದೆ, ಹಾಲಿನ ಡೇರಿ ಇದೆ. ಇಳಕಲ್, ಗುಳೇದಗುಡ್ಡ, ರಬಕವಿ-ಬನಹಟ್ಟಿಯಲ್ಲಿ ನೇಕಾರರ ಸಂಘಗಳಿವೆ. ಸರ್ಕಾರಿ ನೌಕರಿ ಇದ್ದವರಿಗೆ, ಬೇರೆ ವಿಮೆ ಇದ್ದವರಿಗೆ ಇದು ಇಲ್ಲ.

ನೋಂದಣಿ ವರ್ಷವಿಡೀ ತೆರೆದಿರುವುದಿಲ್ಲ. ಜನ ತಪ್ಪಿಸಿಕೊಳ್ಳುವುದು ಇಲ್ಲೇ. ದೀಪಾವಳಿ ಮುಗಿದ ಮೇಲೆ ಸೊಸೈಟಿಗೆ ಸಕ್ಕರೆಗೋ ಗೊಬ್ಬರಕ್ಕೋ ಹೋದಾಗಲೆಲ್ಲ ಸೆಕ್ರೆಟರಿಯವರನ್ನು ಕೇಳಿ: "ಸಾಹೇಬ್ರ, ಯಶಸ್ವಿನಿ ಅರ್ಜಿ ಬಂದಾವೇನ್ರಿ?" ಎರಡು ಸಲ ಕೇಳಿದರೆ ಮೂರನೇ ಸಲ ಅವರೇ ಕರೆದು ಹೇಳುತ್ತಾರೆ. ಆ ವರ್ಷದ ವಂತಿಗೆ ಎಷ್ಟು, ಕೊನೆಯ ದಿನ ಯಾವುದು ಅಂತಲೂ ಅವರಿಂದಲೇ ತಿಳಿದುಕೊಳ್ಳಿ. ಫಾರ್ಮಿನಲ್ಲಿ ಅಪ್ಪ, ಅವ್ವ, ಮಕ್ಕಳ ಹೆಸರು ಎಲ್ಲ ಬರೆಸಿ. 100 ರೂಪಾಯಿ ಉಳಿಸಲು ಅವ್ವನ ಹೆಸರು ಬಿಟ್ಟವರನ್ನು ನೋಡಿದ್ದೇನೆ. ಮನೆಯಲ್ಲಿ ಮೊದಲು ಹಾಸಿಗೆ ಹಿಡಿಯುವವರೇ ಅವರು. ದುಡ್ಡು ಕಟ್ಟಿದ ರಸೀದಿ ಇಸಿದುಕೊಂಡೇ ಬನ್ನಿ. ಕಾರ್ಡ್ ಬಂದ ಮೇಲೆ ನಿಮ್ಮ ಜಿಲ್ಲೆಯ ನೆಟ್‌ವರ್ಕ್ ಆಸ್ಪತ್ರೆಗಳ ಪಟ್ಟಿಯನ್ನು ಸೊಸೈಟಿಯಲ್ಲೇ ಕೇಳಿ ಫೋಟೋ ತೆಗೆದಿಟ್ಟುಕೊಳ್ಳಿ. ಪಟ್ಟಿಯಲ್ಲಿರುವ ಚಿಕಿತ್ಸೆಗೆ, ಪಟ್ಟಿಯಲ್ಲಿರುವ ಆಸ್ಪತ್ರೆಯಲ್ಲಿ ಮಾತ್ರ ಇದು ನಡೆಯುತ್ತದೆ.

ಹೆಜ್ಜೆ 5: ದುಡಿಯುವ ಜಾಗದಲ್ಲೇ ಇರುವ ಹಕ್ಕು

ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳಲ್ಲಿ, ದೊಡ್ಡ ಅಂಗಡಿಗಳಲ್ಲಿ, ಕಾರ್ಖಾನೆಗಳಲ್ಲಿ ಕೆಲಸ ಮಾಡುವವರೇ, ನಿಮ್ಮ ಸಂಬಳದ ಚೀಟಿ ನೋಡಿ. ಹತ್ತು ಅಥವಾ ಹೆಚ್ಚು ಜನ ಇರುವ ಕಡೆ, ತಿಂಗಳ ಸಂಬಳ 21,000 ರೂಪಾಯಿವರೆಗೆ ಇದ್ದರೆ, ನಿಮಗೆ ಇಎಸ್‌ಐ (ನೌಕರರ ರಾಜ್ಯ ವಿಮೆ) ಸಿಗಬೇಕು. ನಿಮ್ಮ ಸಂಬಳದಿಂದ ಶೇಕಡ 0.75 ಮುರಿಯುತ್ತಾರೆ, ಮಾಲೀಕರು ಶೇಕಡ 3.25 ಹಾಕುತ್ತಾರೆ. 16,000 ಸಂಬಳಕ್ಕೆ ನಿಮ್ಮ ಪಾಲು 120 ರೂಪಾಯಿ, ಮಾಲೀಕರದ್ದು 520. ಅದರಲ್ಲಿ ಹೆಂಡತಿ ಮಕ್ಕಳಿಗೆ, ನಿಮ್ಮನ್ನೇ ನಂಬಿದ ತಂದೆ ತಾಯಿಗೆ ಚಿಕಿತ್ಸೆ ಇದೆ. ಕಾಯಿಲೆ ಬಿದ್ದು ರಜೆ ಹಾಕಿದರೆ, ನಿಯಮದ ಪ್ರಕಾರ ವಂತಿಗೆ ತುಂಬಿದ್ದರೆ, ವರ್ಷಕ್ಕೆ 91 ದಿನದವರೆಗೆ ಸಂಬಳದ ಶೇಕಡ 70ರಷ್ಟು ಹಣವೂ ಸಿಗುತ್ತದೆ. ಯಾವ ಕಂಪನಿ ಪಾಲಿಸಿ ತಿಂಗಳಿಗೆ 120 ರೂಪಾಯಿಗೆ ಇಷ್ಟು ಕೊಡುತ್ತದೆ ಹೇಳಿ.

ಅದಕ್ಕೆ ಎರಡು ಕೆಲಸ ಮಾಡಬೇಕು. ನಿಮ್ಮ ಇಎಸ್‌ಐ ನಂಬರ್ ಬರೆದಿಟ್ಟುಕೊಳ್ಳಿ. ಮನೆಯವರ ಹೆಸರು ಅದರಲ್ಲಿ ಸೇರಿಸಿ. ದುಡ್ಡು ಮುರಿಯುತ್ತಿದ್ದರೂ ಮನೆಯವರ ಹೆಸರೇ ಸೇರಿಸದೆ ಬಿಟ್ಟ ಹುಡುಗರು ಬಹಳ ಜನ ಇದ್ದಾರೆ.

ಗೌಂಡಿ ಕೆಲಸ, ಸೆಂಟ್ರಿಂಗ್, ಬಣ್ಣ, ವೈರಿಂಗ್ ಮಾಡುವವರಿಗೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಲೇಬರ್ ಕಾರ್ಡ್ ಇದೆ. ವಯಸ್ಸು 18ರಿಂದ 60, ಹಿಂದಿನ ಒಂದು ವರ್ಷದಲ್ಲಿ 90 ದಿನ ಕೆಲಸ ಮಾಡಿರಬೇಕು. ದೊಡ್ಡ ಕಾಯಿಲೆಗಳ ಚಿಕಿತ್ಸೆಗೆ 2 ಲಕ್ಷದವರೆಗೆ ಸಹಾಯಧನ ಇದೆ. ಇದು ಖರ್ಚು ಮಾಡಿದ ಮೇಲೆ ಅರ್ಜಿ ಹಾಕಿ ಪಡೆಯುವ ದುಡ್ಡು. ಆದ್ದರಿಂದ ಮೂಲ ಬಿಲ್ಲು, ಡಿಸ್ಚಾರ್ಜ್ ಚೀಟಿ ಕಳೆಯಬೇಡಿ. ಕಾರ್ಡ್ ನವೀಕರಣ ತಪ್ಪಿಸಬೇಡಿ. ಗುಳೆ ಹೋಗುವ ಮುಂಚೆ ತಾಲೂಕಿನ ಕಾರ್ಮಿಕ ನಿರೀಕ್ಷಕರ ಕಚೇರಿಯಲ್ಲಿ ತಾರೀಕು ನೋಡಿಕೊಂಡು ಹೋಗಿ.

ಹೆಜ್ಜೆ 6: ತುರ್ತಿನಲ್ಲಿ ಏನು ಮಾಡಬೇಕು

ಎದೆನೋವು ಬಂದು ಬೆವರು ಕಿತ್ತುಕೊಂಡರೆ ಊರಿನ ಡಾಕ್ಟರ ಹತ್ತಿರ ಗ್ಯಾಸಿನ ಗುಳಿಗೆ ತೆಗೆದುಕೊಂಡು ಕೂಡಬೇಡಿ. ಇಸಿಜಿ ಇರುವ ಹತ್ತಿರದ ತಾಲೂಕು ಆಸ್ಪತ್ರೆಗೆ ಹೋಗಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ, ಹೃದಯಾಘಾತ ಅಂತ ಖಚಿತವಾದರೆ ಹೆಪ್ಪುಗಟ್ಟಿದ ರಕ್ತ ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ಹೊರಗಡೆ ಕೊಂಡರೆ ಅದಕ್ಕೆ ಹತ್ತಾರು ಸಾವಿರ ಆಗುತ್ತದೆ. ಹೊತ್ತು ಕಳೆದಷ್ಟೂ ಹೃದಯದ ಸ್ನಾಯು ಸಾಯುತ್ತಾ ಹೋಗುತ್ತದೆ. ಅದಕ್ಕೆ ದೂರದ ದೊಡ್ಡ ಆಸ್ಪತ್ರೆಗಿಂತ ಮೊದಲು ಹತ್ತಿರದ್ದು.

ಇನ್ನೊಂದು ರಸ್ತೆ ಅಪಘಾತ. ಕಬ್ಬಿನ ಸೀಜನ್ನಿನಲ್ಲಿ ಹಿಂದೆ ದೀಪವಿಲ್ಲದ ಟ್ರಾಲಿಗೆ ರಾತ್ರಿ ಬೈಕ್ ಬಡಿದ ಸುದ್ದಿ ನಮ್ಮಲ್ಲಿ ಪ್ರತಿ ವರ್ಷ ಕೇಳುತ್ತೇವೆ. 2025ರ ಮೇ ತಿಂಗಳಿನಿಂದ ಜಾರಿಯಾದ ಕೇಂದ್ರದ ಯೋಜನೆಯಲ್ಲಿ ರಸ್ತೆ ಅಪಘಾತದ ಗಾಯಾಳುವಿಗೆ ಏಳು ದಿನದವರೆಗೆ 1.5 ಲಕ್ಷ ರೂಪಾಯಿವರೆಗಿನ ನಗದುರಹಿತ ಚಿಕಿತ್ಸೆ ಇದೆ. 108ಕ್ಕೆ ಅಥವಾ 112ಕ್ಕೆ ಕರೆ ಮಾಡಿ. ಪೊಲೀಸ್ ದಾಖಲೆ ಆಗಲೇಬೇಕು, ಮನೆಯವರು ಅದಕ್ಕೆ ಹಿಂಜರಿಯಬಾರದು.

ಇದರ ಜೊತೆ ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿಯ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಇರಲಿ. 18ರಿಂದ 70 ವರ್ಷದವರಿಗೆ, ಅಪಘಾತದಲ್ಲಿ ಸಾವು ಅಥವಾ ಪೂರ್ತಿ ಅಂಗವಿಕಲತೆ ಆದರೆ 2 ಲಕ್ಷ. ಇದು ಆಸ್ಪತ್ರೆಯ ಬಿಲ್ ಕಟ್ಟುವುದಿಲ್ಲ, ಅದು ತಿಳಿದಿರಲಿ. ಮೇ ಕೊನೆಯಲ್ಲಿ ಖಾತೆಯಲ್ಲಿ ದುಡ್ಡಿರಬೇಕು, ಇಲ್ಲದಿದ್ದರೆ ಮುರಿಯುವುದಿಲ್ಲ.

ಹೆಜ್ಜೆ 7: ತಿಂಗಳ ಗುಳಿಗೆಯ ಖರ್ಚು

ಮೇಲಿನ ಯೋಜನೆಗಳು ಹೆಚ್ಚಾಗಿ ಅಡ್ಮಿಟ್ ಆದಾಗಿನ ಮಾತು. ಮನೆಯ ಬುಡ ಅಲುಗಾಡಿಸುವುದು ತಿಂಗಳು ತಿಂಗಳು ಬರುವ ಔಷಧಿ ಅಂಗಡಿಯ ಬಿಲ್. ಬಿಪಿ, ಸಕ್ಕರೆಯ ಗುಳಿಗೆಗಳು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತ. ಅಲ್ಲಿ ಇಲ್ಲದ್ದಕ್ಕೆ ಜನೌಷಧಿ ಕೇಂದ್ರಕ್ಕೆ ಹೋಗಿ. ಬ್ರ್ಯಾಂಡ್ ಔಷಧಿಗೆ ಹೋಲಿಸಿದರೆ ಅಲ್ಲಿ ಬೆಲೆ ಅರ್ಧಕ್ಕಿಂತಲೂ ಕಡಿಮೆ. ಆದರೆ ಬ್ರ್ಯಾಂಡ್ ಹೆಸರು ಹೇಳಿದರೆ ಅಲ್ಲಿ ಸಿಗುವುದಿಲ್ಲ. ಡಾಕ್ಟರಿಗೆ "ಗುಳಿಗೆಯ ಮೂಲ ಹೆಸರು ಬರದು ಕೊಡ್ರಿ" ಅಂತ ಕೇಳಿ. ಮೆಟ್‌ಫಾರ್ಮಿನ್, ಆಮ್ಲೋಡಿಪಿನ್, ಅಟೋರ್ವಾಸ್ಟಾಟಿನ್ ಹೀಗೆ. ಕಾಕಾನ ಐದು ಗುಳಿಗೆಗಳಲ್ಲಿ ನಾಲ್ಕು ಈಗ ಅಲ್ಲಿಂದಲೇ ಬರುತ್ತವೆ. ಡಾಕ್ಟರನ್ನು ಕೇಳದೆ ಮಾತ್ರ ಗುಳಿಗೆ ಬದಲಿಸಬೇಡಿ.

ಕ್ಷಯಕ್ಕೆ ಸರ್ಕಾರಿ ಔಷಧಿ ಪೂರ್ತಿ ಉಚಿತ. ಚಿಕಿತ್ಸೆಯ ಕಾಲದಲ್ಲಿ ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 1000 ರೂಪಾಯಿ ಖಾತೆಗೆ ಬರುತ್ತದೆ.

ಹೆಜ್ಜೆ 8: ಸ್ವಲ್ಪ ಕಟ್ಟಬಲ್ಲ ಮನೆಗೆ

ಅಂಗಡಿ, ಸಣ್ಣ ವ್ಯಾಪಾರ ಇದ್ದು ಎಪಿಎಲ್ ಆಗಿರುವವರು, ಯಶಸ್ವಿನಿಯೂ ಸಿಗದವರು, ಸೂಪರ್ ಟಾಪ್-ಅಪ್ ವಿಚಾರಿಸಿ. ವರ್ಷದ ಆಸ್ಪತ್ರೆ ಖರ್ಚಿನಲ್ಲಿ ಮೊದಲ 3 ಲಕ್ಷ ನಾನು ನೋಡಿಕೊಳ್ಳುತ್ತೇನೆ, ಅದರ ಮೇಲಿನದ್ದು ನೀವು ಕೊಡಿ ಅಂತ ಕಂಪನಿ ಜೊತೆ ಮಾಡಿಕೊಳ್ಳುವ ಒಪ್ಪಂದ ಅದು. ಹಾಗಾಗಿ ಪ್ರೀಮಿಯಂ ಪೂರ್ತಿ ಪಾಲಿಸಿಗಿಂತ ಬಹಳ ಕಡಿಮೆ. ಆ ಮೊದಲ 3 ಲಕ್ಷಕ್ಕೆ ಬೇರೆ ಎಫ್‌ಡಿ ಇಡಬೇಕು. ಅದಿಲ್ಲದೆ ಟಾಪ್-ಅಪ್ ಒಂದೇ ಮಾಡಿಸಿದರೆ ಅರ್ಧ ಸೇತುವೆ ಕಟ್ಟಿದ ಹಾಗೆ. 2025ರ ಸೆಪ್ಟೆಂಬರ್ 22ರಿಂದ ಮನೆಯವರು ತಾವೇ ಮಾಡಿಸುವ ಆರೋಗ್ಯ ಪಾಲಿಸಿಗೆ ಜಿಎಸ್‌ಟಿ ಇಲ್ಲ. ಇರುವ ಕಾಯಿಲೆ ಮುಚ್ಚಿಡಬೇಡಿ. ಹೇಳಿ ಮಾಡಿಸಿದರೆ ಹೆಚ್ಚೆಂದರೆ ಮೂರು ವರ್ಷ ಕಾಯಬೇಕು. ಮುಚ್ಚಿಟ್ಟರೆ ಕ್ಲೇಮ್ ತಿರಸ್ಕರಿಸಲು ಅದೇ ಕಾರಣ ಆಗುತ್ತದೆ.

ವಾಟ್ಸಾಪಿನಲ್ಲಿ ಬರುವ 'ಹೆಲ್ತ್ ಕಾರ್ಡ್ 999 ರೂಪಾಯಿ' ತರಹದ್ದನ್ನು ಕೊಳ್ಳುವ ಮುಂಚೆ ಒಂದೇ ಪ್ರಶ್ನೆ ಕೇಳಿ: ಬಿಲ್ ಯಾರು ಕಟ್ಟುತ್ತಾರೆ? ಬಿಲ್ಲಿನಲ್ಲಿ ರಿಯಾಯಿತಿ ಮಾತ್ರ ಅಂದರೆ ಅದು ವಿಮೆ ಅಲ್ಲ.

ದುಡ್ಡು ಕಟ್ಟಿಯೇ ಬಿಟ್ಟಿದ್ದರೆ

ಮುಖ್ಯಮಂತ್ರಿಗಳ ಪರಿಹಾರ ನಿಧಿಗೆ ಅರ್ಜಿ ಹಾಕಿ. ಮೂಲ ಬಿಲ್ಲು, ಡಿಸ್ಚಾರ್ಜ್ ಚೀಟಿ, ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ ಬೇಕು. ಶಾಸಕರ ಕಚೇರಿಯಲ್ಲಿ ಅರ್ಜಿ ತಯಾರು ಮಾಡಲು ಸಹಾಯ ಮಾಡುತ್ತಾರೆ. ಪೂರ್ತಿ ಮೊತ್ತ ಬರುತ್ತದೆ ಅಂತ ಲೆಕ್ಕ ಹಾಕಬೇಡಿ. ಮೂಲ ಬಿಲ್ಲು ಕೊಡುವ ಮುಂಚೆ ಎರಡು ಜೆರಾಕ್ಸ್ ಇಟ್ಟುಕೊಳ್ಳಿ.

ಕೊನೆಯ ಹೆಜ್ಜೆ: ಚೀಲ

ಒಂದು ಜಿಪ್ ಇರುವ ಪ್ಲಾಸ್ಟಿಕ್ ಚೀಲ ತನ್ನಿ. ಅದರಲ್ಲಿ ರೇಷನ್ ಕಾರ್ಡ್, ಎಲ್ಲರ ಆಧಾರ್ ಜೆರಾಕ್ಸ್, ಆರೋಗ್ಯ ಕರ್ನಾಟಕ ಕಾರ್ಡ್, ಯಶಸ್ವಿನಿ ರಸೀದಿ, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಹಳೆಯ ರಿಪೋರ್ಟ್‌ಗಳು, ಈಗ ತೆಗೆದುಕೊಳ್ಳುವ ಗುಳಿಗೆಗಳ ಚೀಟಿ ಇಡಿ. ಒಂದು ದಪ್ಪ ಕಾಗದದ ಮೇಲೆ ದೊಡ್ಡ ಅಕ್ಷರದಲ್ಲಿ 108, 104, 14555, ಸೊಸೈಟಿ ಸೆಕ್ರೆಟರಿ ನಂಬರ್, ಆಶಾ ಕಾರ್ಯಕರ್ತೆಯ ನಂಬರ್ ಬರೆದು ಅದರಲ್ಲೇ ಹಾಕಿ.

ನಮ್ಮ ಮನೆಯ ಚೀಲ ಪಡಸಾಲೆಯ ಮೊಳೆಗೆ, ಕ್ಯಾಲೆಂಡರಿನ ಪಕ್ಕದಲ್ಲಿ ತೂಗುತ್ತದೆ. ಹೋದ ಮಳೆಗಾಲದಲ್ಲಿ ಚಿಗವ್ವನಿಗೆ ಗರ್ಭಕೋಶದ ತೊಂದರೆ ಆಯಿತು. ಕಾಕಾ ಚೀಲ ತೆಗೆದುಕೊಂಡು ಬೆಳಿಗ್ಗೆ ಮೊದಲ ಬಸ್ಸಿಗೆ ಅವರನ್ನು ಜಿಲ್ಲಾ ಆಸ್ಪತ್ರೆಗೆ ಕರೆದೊಯ್ದರು. ಆಪರೇಷನ್ ಅಲ್ಲೇ ಆಯಿತು. ಡಿಸ್ಚಾರ್ಜ್ ದಿನ ನಾನು ಹೋದಾಗ ಚಿಗವ್ವ ಮಂಚದ ಮೇಲೆ ಕೂತು ತಲೆ ಬಾಚಿಕೊಳ್ಳುತ್ತಿದ್ದರು. ಬೋರಮಾಳ ಕೊರಳಲ್ಲೇ ಇತ್ತು.